ಒಂದೇ ಬೆಲೆಗೆ ಎರಡು ಹಳೆ ಎಸ್‌ಯುವಿ: ಕುಟುಂಬಕ್ಕೆ ಯಾವುದು ಸರಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ಜನ. ನಾನು, ನನ್ನ ಹೆಂಡತಿ, ಎಂಟು ವರ್ಷದ ಮಗಳು, ಎರಡು ವರ್ಷದ ಮಗ, ಮೊಣಕಾಲು ನೋವಿರುವ ಅಮ್ಮ. ಈಗಿರುವ ಸಣ್ಣ ಕಾರಿನಲ್ಲಿ ಜಾಗ ಸಾಲುತ್ತಿಲ್ಲ. ಹೊಸ ಎಸ್‌ಯುವಿ ಕೊಳ್ಳುವಷ್ಟು ದುಡ್ಡಿಲ್ಲ, ಸಾಲ ಮಾಡುವ ಮನಸ್ಸೂ ಇಲ್ಲ. ಹೆಚ್ಚುಕಮ್ಮಿ ಒಂದೇ ಬೆಲೆಗೆ ಎರಡು ಗಾಡಿ ಸಿಕ್ಕಿವೆ. ಒಂದು, ಹತ್ತು ವರ್ಷ ಹಳೆಯ ಐಷಾರಾಮಿ ಏಳು ಸೀಟಿನ ಡೀಸೆಲ್ ಎಸ್‌ಯುವಿ. ಲೆದರ್ ಸೀಟು, ಏರ್ ಸಸ್ಪೆನ್ಷನ್, ದೊಡ್ಡ ಸನ್‌ರೂಫ್, 20 ಇಂಚಿನ ಚಕ್ರ, ಫೋರ್ ವೀಲ್ ಡ್ರೈವ್ ಎಲ್ಲ ಇದೆ. ಇನ್ನೊಂದು, ಆರು ವರ್ಷ ಹಳೆಯ ಸಾಧಾರಣ ಐದು ಸೀಟಿನ ಪೆಟ್ರೋಲ್ ಗಾಡಿ. ಬಟ್ಟೆ ಸೀಟು, ಟು ವೀಲ್ ಡ್ರೈವ್. ವರ್ಷಕ್ಕೆ ಸುಮಾರು 15,000 ಕಿಲೋಮೀಟರ್ ಓಡಿಸುತ್ತೇವೆ. ಶಾಲೆ, ಆಫೀಸು ಅಂತ ಹೆಚ್ಚಿನದು ಊರೊಳಗೇ. ಯಾವುದನ್ನು ತೆಗೆದುಕೊಳ್ಳಲಿ? ಏನೇನು ನೋಡಬೇಕು?

ಉತ್ತರ: ಎರಡನೆಯದನ್ನು ತೆಗೆದುಕೊಳ್ಳಿ. ಆದರೆ ಎರಡು ಷರತ್ತು. ನಿಮ್ಮ ಐದು ಜನ ಅದರಲ್ಲಿ ನಿಜವಾಗಿ ಕೂರಲು ಆಗಬೇಕು. ಅದರ ಸರ್ವಿಸ್ ದಾಖಲೆ ಸರಿಯಾಗಿರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಅದನ್ನೂ ಬಿಟ್ಟು ಮೂರನೆಯ ಗಾಡಿ ಹುಡುಕಿ. ಮೊದಲನೆಯದರ ಕಡೆಗಂತೂ ಹೋಗಬೇಡಿ.

ಯಾಕೆ ಅಂತ ಹೇಳುತ್ತೇನೆ. ಹತ್ತು ವರ್ಷದ ಐಷಾರಾಮಿ ಗಾಡಿ ಆರು ವರ್ಷದ ಸಾಧಾರಣ ಗಾಡಿಯ ಬೆಲೆಗೆ ಸಿಗುತ್ತಿದೆ ಅಂದರೆ ಅದಕ್ಕೆ ಕಾರಣ ಇದೆ. ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹೊಸದರಲ್ಲಿ ನಿಮ್ಮ ಬಜೆಟ್‌ನ ಮೂರು ನಾಲ್ಕು ಪಟ್ಟು ಬೆಲೆಯಿದ್ದ ಗಾಡಿಗೆ ಇವತ್ತೂ ಅದೇ ಮಟ್ಟದ ಬೆಲೆಯ ಪಂಪು, ಸೆನ್ಸರ್, ಕಂಪ್ಯೂಟರ್ ಬೇಕು. ಮೊದಲ ಮಾಲೀಕರಿಗೆ ಆ ಖರ್ಚು ದೊಡ್ಡದಾಗಿ ಕಾಣುತ್ತಿರಲಿಲ್ಲ. ವಾರಂಟಿಯೂ ಇತ್ತು. ಈಗ ವಾರಂಟಿ ಇಲ್ಲ, ಭಾಗಗಳು ಸವೆದಿವೆ, ಖರ್ಚು ನಿಮ್ಮ ತಲೆ ಮೇಲೆ. ಅದಕ್ಕೇ ಮಾರುವವರು ಕಮ್ಮಿ ಬೆಲೆಗೆ ಕೊಡುತ್ತಿದ್ದಾರೆ.

ನೀವು ಹೇಳಿದ ಒಂದೊಂದು ಸೌಕರ್ಯವನ್ನೂ ಖರ್ಚಿನ ಕಣ್ಣಿನಿಂದ ನೋಡೋಣ. ಏರ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಬದಲು ರಬ್ಬರಿನ ಗಾಳಿ ಚೀಲ ಇರುತ್ತದೆ. ರಬ್ಬರು ವಯಸ್ಸಾದಂತೆ ಬಿರುಕು ಬಿಡುತ್ತದೆ, ಗಾಳಿ ಸೋರುತ್ತದೆ. ಸೋರಿದ ಗಾಳಿ ತುಂಬಿಸಲು ಕಂಪ್ರೆಸರ್ ಮತ್ತೆ ಮತ್ತೆ ಓಡುತ್ತದೆ, ಕೊನೆಗೆ ಅದೂ ಸುಟ್ಟುಹೋಗುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದು ನಿಂತಿದ್ದರೆ ಇದೇ ರೋಗ. ಹತ್ತು ವರ್ಷದ ಗಾಡಿಯಲ್ಲಿ ಇದು ಅಪರೂಪವಲ್ಲ.

ಸನ್‌ರೂಫ್‌ನ ನಾಲ್ಕು ಮೂಲೆಯಲ್ಲಿ ನೀರು ಹೋಗಲು ಸಣ್ಣ ಪೈಪುಗಳಿರುತ್ತವೆ. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ಮಳೆ ನೀರು ಒಳಗೆ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಹಲವು ಗಾಡಿಗಳಲ್ಲಿ ವೈರಿಂಗ್ ಕನೆಕ್ಟರುಗಳು, ಕಂಟ್ರೋಲ್ ಯೂನಿಟ್‌ಗಳು ಇರುವುದೇ ಅಲ್ಲಿ. ಯಾವ ಗಾಡಿಯಲ್ಲೇ ಸನ್‌ರೂಫ್ ಇರಲಿ, ಮುಂದಿನ ಕಾರ್ಪೆಟ್ ಮೇಲೆ ಕೈ ಒತ್ತಿ ಒದ್ದೆ ಇದೆಯಾ ನೋಡಿ.

ಫೋರ್ ವೀಲ್ ಡ್ರೈವ್ ಇದ್ದರೆ ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರು), ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ), ಇನ್ನೊಂದಷ್ಟು ಶಾಫ್ಟು ಜಾಸ್ತಿ. ಅವಕ್ಕೆ ಬೇರೆ ಬೇರೆ ಎಣ್ಣೆ. ಟೈರಿನ ವಿಷಯ ಇನ್ನೂ ಮುಖ್ಯ. ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಯಲ್ಲಿ ನಾಲ್ಕು ಟೈರೂ ಹೆಚ್ಚುಕಮ್ಮಿ ಒಂದೇ ಸಮ ಸವೆದಿರಬೇಕು. ಸುಬಾರು ಕಂಪನಿ, ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಎನ್ನುತ್ತದೆ. ಅಂದರೆ ಒಂದು ಟೈರ್ ರಿಪೇರಿ ಆಗದಷ್ಟು ಹರಿದರೆ ಕೆಲವು ಸಲ ನಾಲ್ಕನ್ನೂ ಬದಲಿಸಬೇಕು. 20 ಇಂಚಿನ ಟೈರು ನಾಲ್ಕು ಕೊಳ್ಳುವ ಬೆಲೆಯನ್ನು ಇವತ್ತೇ ಅಂಗಡಿಯಲ್ಲಿ ವಿಚಾರಿಸಿ. ಆಮೇಲೆ 17 ಇಂಚಿನದನ್ನೂ ಕೇಳಿ. ನಿಮ್ಮ ದಾರಿಯಲ್ಲಿ ಹಿಮ, ಕೆಸರು, ಕಡಿದಾದ ಮಣ್ಣಿನ ಏರು ದಿನಾ ಇದ್ದರೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಶಾಲೆ, ಆಫೀಸಿಗೆ ಬೇಡ.

ಡೀಸೆಲ್ ವಿಷಯದಲ್ಲಿ ನನಗೆ ಇನ್ನೂ ಗಟ್ಟಿಯಾದ ಅಭಿಪ್ರಾಯ ಇದೆ. ಈಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಅದರಲ್ಲಿ ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಖಾಲಿ ಮಾಡುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ಸಮ ಓಡಿದರೆ ಆ ಶಾಖ ಬರುತ್ತದೆ. ಮಗಳನ್ನು ಶಾಲೆಗೆ ಬಿಟ್ಟು ಹತ್ತು ನಿಮಿಷದಲ್ಲಿ ಮನೆಗೆ ಬಂದರೆ ಬರುವುದಿಲ್ಲ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಾ ಹೋದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ನಿಮ್ಮ ಓಡಾಟಕ್ಕೆ ಡೀಸೆಲ್ ಹೊಂದುವುದೇ ಇಲ್ಲ. ಡೀಸೆಲ್ ಮೈಲೇಜ್ ಜಾಸ್ತಿ ಅಂತ ಯಾರಾದರೂ ಹೇಳಿದರೆ, ಈ ಫಿಲ್ಟರಿನ ಬೆಲೆ ಕೇಳಿ ನೋಡಿ.

ಇಂಧನದ ಲೆಕ್ಕವನ್ನೂ ಮಾಡಿಬಿಡೋಣ. ವರ್ಷಕ್ಕೆ 15,000 ಕಿಲೋಮೀಟರ್. ಉದಾಹರಣೆಗೆ, ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿಗೆ 1,500 ಲೀಟರ್ ಬೇಕು. 14 ಕೊಡುವ ಗಾಡಿಗೆ 1,070 ಲೀಟರ್ ಸಾಕು. ವರ್ಷಕ್ಕೆ 430 ಲೀಟರ್ ವ್ಯತ್ಯಾಸ, ಐದು ವರ್ಷಕ್ಕೆ 2,100 ಲೀಟರಿಗೂ ಜಾಸ್ತಿ. ಗಾಡಿಗೆ ಚೌಕಾಶಿ ಮಾಡಿ ಉಳಿಸಿದ ದುಡ್ಡೆಲ್ಲ ಇಲ್ಲೇ ಹೋಗಿಬಿಡಬಹುದು. ಜಾಹೀರಾತಿನ ಮೈಲೇಜ್ ನಂಬಬೇಡಿ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್ ಇರುವ ಗಾಡಿಯನ್ನು ಊರೊಳಗೆ ಓಡಿಸುವವರನ್ನು ಕೇಳಿ.

ಈಗ ನಿಮ್ಮ ಮನೆಯವರ ಮಾತು. ಏಳು ಸೀಟಿನ ಆಸೆ ನಿಮಗೆ ಸುಮ್ನೆ ಬಂದದ್ದಲ್ಲ. ಐದು ಸೀಟಿನ ಗಾಡಿಯಲ್ಲಿ ಐದು ಜನ ಅಂದರೆ ಹಿಂದೆ ಮೂರು ಜನ. ಅದರಲ್ಲಿ ಮಗನಿಗೆ ಮಕ್ಕಳ ಸೀಟು ಬೇಕು. ಮಗಳಿಗೂ ಬೂಸ್ಟರ್ ಸೀಟು, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು, ಬೇಕಾಗಬಹುದು. ಮಗುವಿನ ಎತ್ತರ 135ರಿಂದ 150 ಸೆಂಟಿಮೀಟರ್ ಆಗುವವರೆಗೆ ಬೂಸ್ಟರ್ ಇರಬೇಕು ಅನ್ನುವುದು ಹಲವು ದೇಶಗಳ ನಿಯಮ. ಅದಕ್ಕಿಂತ ಗಿಡ್ಡ ಇರುವ ಮಗುವಿಗೆ ಬೆಲ್ಟು ಹೆಗಲ ಬದಲು ಕುತ್ತಿಗೆ ಮೇಲೆ, ಸೊಂಟದ ಮೂಳೆಯ ಬದಲು ಹೊಟ್ಟೆ ಮೇಲೆ ಕೂರುತ್ತದೆ. ಡಿಕ್ಕಿ ಹೊಡೆದಾಗ ಆ ಬೆಲ್ಟೇ ಪೆಟ್ಟು ಮಾಡುತ್ತದೆ.

ಹೆಚ್ಚಿನ ಐದು ಸೀಟಿನ ಗಾಡಿಗಳಲ್ಲಿ ಮಕ್ಕಳ ಸೀಟನ್ನು ಗಾಡಿಗೆ ಭದ್ರವಾಗಿ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇರುವುದು ಹಿಂದಿನ ಎರಡು ಪಕ್ಕದ ಸೀಟಿಗೆ ಮಾತ್ರ. ಅಲ್ಲಿ ಎರಡು ಮಕ್ಕಳ ಸೀಟು ಹಾಕಿದರೆ ನಡುವೆ ದೊಡ್ಡವರೊಬ್ಬರು ಕೂರುವಷ್ಟು ಅಗಲ ಉಳಿಯುತ್ತದಾ? ಕೆಲವು ಗಾಡಿಯಲ್ಲಿ ಉಳಿಯುತ್ತದೆ, ಕೆಲವುದರಲ್ಲಿ ಬೆಲ್ಟಿನ ಬಕಲ್ ಹಾಕಲೂ ಕೈ ಹೋಗುವುದಿಲ್ಲ. ಇದನ್ನು ಪುಸ್ತಕದ ಅಳತೆ ನೋಡಿ ತಿಳಿಯಲು ಆಗದು. ಮಗನ ಸೀಟು, ಮಗಳ ಬೂಸ್ಟರ್ ಎರಡನ್ನೂ ಜೊತೆಗೆ ಒಯ್ಯಿರಿ. ಮನೆಯವರೆಲ್ಲ ಹೋಗಿ. ಅಮ್ಮನನ್ನು ಮುಂದೆ ಕೂರಿಸಿ. ನಿಮ್ಮ ಹೆಂಡತಿ ಹಿಂದೆ ಇಬ್ಬರು ಮಕ್ಕಳ ನಡುವೆ ಕೂತು ಬೆಲ್ಟು ಹಾಕಿಕೊಂಡು ಹದಿನೈದು ನಿಮಿಷ ಸುತ್ತಾಡಿ ಬರಲಿ. ಮಗನ ಸೀಟು ಹಿಂದಕ್ಕೆ ಮುಖ ಮಾಡುವಂಥದ್ದಾದರೆ ಅದು ಮುಂದಿನ ಸೀಟನ್ನು ಎಷ್ಟು ತಳ್ಳುತ್ತದೆ ನೋಡಿ. ಅಮ್ಮನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಬಾರದು.

ಅಮ್ಮನಿಗೆ ಇನ್ನೊಂದು ಪರೀಕ್ಷೆ ಇದೆ. ಎಸ್‌ಯುವಿ ಎತ್ತರ ಇದ್ದಷ್ಟೂ ಹಿರಿಯರಿಗೆ ಒಳ್ಳೆಯದು ಅಂತ ಅನೇಕರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ನೆಲದ ಮೇಲೆ ನಿಂತಾಗ ಸೀಟು ಅವರ ಸೊಂಟಕ್ಕಿಂತ ಸ್ವಲ್ಪವೇ ಕೆಳಗಿರಬೇಕು. ಆಗ ಹಿಂದಕ್ಕೆ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ಅದಕ್ಕಿಂತ ಎತ್ತರ ಇದ್ದರೆ ಹತ್ತಬೇಕು, ಮೊಣಕಾಲಿಗೆ ಅದೇ ಕಷ್ಟ. ದೊಡ್ಡ ಏಳು ಸೀಟಿನ ಗಾಡಿಗಳು ಇಲ್ಲಿ ಸಾಮಾನ್ಯವಾಗಿ ಸೋಲುತ್ತವೆ. ಬಾಗಿಲ ಪಕ್ಕದ ಕಂಬದ ಮೇಲೆ ಹಿಡಿಕೆ ಇದೆಯಾ, ಬಾಗಿಲು ಅಗಲವಾಗಿ ತೆರೆಯುತ್ತದಾ ಅಂತಲೂ ನೋಡಿ.

ಐದು ಸೀಟಿನಲ್ಲಿ ಮನೆಯವರೆಲ್ಲ ಕೂರಲು ಆಗಲಿಲ್ಲ ಅಂದರೆ ಏಳು ಸೀಟಿನದೇ ಬೇಕಾಗುತ್ತದೆ. ಆಗಲೂ ಸಾಧಾರಣ ಪೆಟ್ರೋಲ್ ಏಳು ಸೀಟಿನದನ್ನೇ ಹುಡುಕಿ. ಮೂರನೇ ಸಾಲನ್ನು ಚೆನ್ನಾಗಿ ನೋಡಿ. ಎರಡನೇ ಸಾಲಿನಲ್ಲಿ ಮಕ್ಕಳ ಸೀಟು ಹಾಕಿದ ಮೇಲೆ ಹಿಂದಕ್ಕೆ ಹೋಗಲು ದಾರಿ ಉಳಿಯುತ್ತದಾ? ಕಿಟಕಿ ಪಕ್ಕದಲ್ಲಿ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತದಾ? ಹಿಂದಿನ ಗಾಜಿಗೂ ತಲೆಗೂ ಎಷ್ಟು ಅಂತರ? ಮೂರನೇ ಸಾಲು ತೆರೆದರೆ ಡಿಕ್ಕಿಯಲ್ಲಿ ಮಗುವಿನ ಗಾಡಿ ಇಡಲು ಜಾಗ ಇದೆಯಾ? ಹಲವು ಗಾಡಿಗಳಲ್ಲಿ ಆ ಸಾಲು ಹತ್ತು ವರ್ಷದೊಳಗಿನ ಮಕ್ಕಳಿಗೆ ಅಷ್ಟೇ ಸರಿ.

ನೀವು ಮಾಡೆಲ್ ಹೆಸರು ಬರೆದಿಲ್ಲ. ಹಾಗಾಗಿ ಈ ವರ್ಗದಲ್ಲಿ ಯಾವುದರಲ್ಲಿ ಏನು ನೋಡಬೇಕು ಅಂತ ಹೇಳಿಬಿಡುತ್ತೇನೆ. ಒಂದು ಮಾತು ಮೊದಲೇ ನೆನಪಿರಲಿ. ಬ್ರಾಂಡ್ ಒಳ್ಳೆಯದು ಅಂದರೆ ಅದರ ಎಲ್ಲ ವರ್ಷದ, ಎಲ್ಲ ಎಂಜಿನ್ ಒಳ್ಳೆಯದು ಅಂತಲ್ಲ.

ಟೊಯೋಟಾ ರಾವ್4ನ 2013ರಿಂದ 2018ರ ಪೀಳಿಗೆಯಲ್ಲಿ 2.5 ಲೀಟರ್ ಪೆಟ್ರೋಲ್ ಎಂಜಿನ್, 6 ಗೇರಿನ ಸಾಧಾರಣ ಆಟೊಮ್ಯಾಟಿಕ್ ಇರುವುದು ನನ್ನ ಮೊದಲ ಆಯ್ಕೆ. ಅದರ ಒಳಗಿನ ಪ್ಲಾಸ್ಟಿಕ್ಕು ಒರಟು, ಸದ್ದು ಸ್ವಲ್ಪ ಜಾಸ್ತಿ. ಆದರೆ ಅದರಲ್ಲಿ ಕೆಡುವಂಥದ್ದು ಕಮ್ಮಿ. 2019ರಿಂದ ಬಂದ ಪೀಳಿಗೆಯ ಫೋರ್ ವೀಲ್ ಡ್ರೈವ್ ಹೈಬ್ರಿಡ್ ನೋಡುವುದಾದರೆ ಹಿಂದಿನ ಮೋಟಾರಿಗೆ ಹೋಗುವ ಹೈ ವೋಲ್ಟೇಜ್ ಕೇಬಲ್ ತುಕ್ಕು ಹಿಡಿದಿದೆಯಾ ಪರೀಕ್ಷೆ ಮಾಡಿಸಿ. ರಸ್ತೆಗೆ ಉಪ್ಪು ಹಾಕುವ ಜಾಗಗಳಲ್ಲಿ ಆ ತೊಂದರೆ ಕಂಡುಬಂದಿತ್ತು.

ಮಾಜ್ಡಾ ಸಿಎಕ್ಸ್-5 ಕೂಡ ನನಗೆ ಇಷ್ಟ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್, ಮಾಮೂಲಿ 6 ಗೇರಿನ ಆಟೊಮ್ಯಾಟಿಕ್. ಓಡಿಸಲು ಹಿತ. ಹಿಂದಿನ ಸೀಟಿನ ಅಗಲ, ಡಿಕ್ಕಿ ಇವೆರಡೂ ಹೋಂಡಾ ಸಿಆರ್-ವಿಗಿಂತ ಕಮ್ಮಿ, ಅದೊಂದೇ ನಿಮಗೆ ಅಡ್ಡ ಬರಬಹುದು. ಅದೇ ಗಾಡಿಯ ಡೀಸೆಲ್ ಬೇಡ.

ಹೋಂಡಾ ಸಿಆರ್-ವಿ ಒಳಗಿನ ಜಾಗದಲ್ಲಿ ಬಹಳ ಮುಂದೆ. 2017, 2018ರ ಸಾಲಿನ 1.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ ಚಳಿ ಪ್ರದೇಶದಲ್ಲಿ, ಹತ್ತಿರದ ಓಡಾಟಕ್ಕೆ ಬಳಸಿದಾಗ ಪೆಟ್ರೋಲ್ ಆಯಿಲ್‌ಗೆ ಸೇರುವ ತೊಂದರೆ ಇತ್ತು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ಬಿಡಿ.

ಹ್ಯುಂಡೈ, ಕಿಯಾದ ಎಸ್‌ಯುವಿಗಳು ಕೊಟ್ಟ ದುಡ್ಡಿಗೆ ಜಾಸ್ತಿ ಸೌಕರ್ಯ ಕೊಡುತ್ತವೆ. ಆದರೆ 2011ರಿಂದ ಬಂದ ಥೀಟಾ 2 ಎಂಬ 2.0 ಟರ್ಬೊ, 2.4 ಲೀಟರ್ ಪೆಟ್ರೋಲ್ ಎಂಜಿನ್‌ಗಳಲ್ಲಿ ತಯಾರಿಸುವಾಗಲೇ ಉಳಿದ ಲೋಹದ ಚೂರು ಆಯಿಲ್ ದಾರಿ ಕಟ್ಟಿ ಬೇರಿಂಗ್ ಹಾಳಾಗಿ, ಎಂಜಿನ್ ಸೀಜ್ ಆದ, ಅಂದರೆ ತಿರುಗದೆ ಕಚ್ಚಿ ನಿಂತ ಪ್ರಕರಣಗಳು ಬಹಳ. 2015ರಿಂದ ಅಮೆರಿಕದಲ್ಲಿ ದೊಡ್ಡ ರೀಕಾಲ್‌ಗಳೇ ಆದವು, ಅಂದರೆ ದೋಷ ಸರಿಮಾಡಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿತು. ಆ ಎಂಜಿನ್ ಇದ್ದರೆ ರೀಕಾಲ್ ಕೆಲಸ ಆದ ಕಾಗದ ಕೇಳಿ. ನಿಸ್ಸಾನ್ ಎಕ್ಸ್-ಟ್ರೇಲ್, ಅಮೆರಿಕದಲ್ಲಿ ರೋಗ್ ಎಂದು ಮಾರಿದ ಗಾಡಿ, ಅಗ್ಗಕ್ಕೆ ಸಿಗುತ್ತದೆ. ಅದರ ಸಿವಿಟಿ ಗೇರ್‌ಬಾಕ್ಸ್ (ಗೇರಿನ ಬದಲು ಬೆಲ್ಟು, ರಾಟೆ ಇರುವ ಆಟೊಮ್ಯಾಟಿಕ್) ಮೇಲೆ ದೂರು ಎಷ್ಟು ಬಂದವೆಂದರೆ ಹಲವು ವರ್ಷದ ಗಾಡಿಗಳಿಗೆ ಕಂಪನಿಯೇ ವಾರಂಟಿ ಹೆಚ್ಚಿಸಿತು. ಸುಬಾರು ಫಾರೆಸ್ಟರ್‌ನ 2011ರಿಂದ 2014ರ ಕೆಲವು ಗಾಡಿಗಳು ಆಯಿಲ್ ಕುಡಿಯುತ್ತವೆ. ಫೋರ್ಡ್ ಎಕ್ಸ್‌ಪ್ಲೋರರ್‌ನ 2011ರಿಂದ 2019ರ ಪೀಳಿಗೆಯ 3.5 ಲೀಟರ್ ವಿ6ನಲ್ಲಿ ವಾಟರ್ ಪಂಪ್ ಎಂಜಿನ್ ಒಳಗೇ ಇದೆ, ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಚೈನೇ ಅದನ್ನೂ ತಿರುಗಿಸುತ್ತದೆ. ಆ ಪಂಪ್ ಸೋರಿದರೆ ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಆಯಿಲ್‌ಗೆ ಸೇರಿ ಎಂಜಿನ್ನೇ ಹೋಗಬಹುದು. ಪಂಪ್ ಬದಲಿಸುವ ಕೆಲಸವೂ ದೊಡ್ಡದು.

ಗೇರ್‌ಬಾಕ್ಸ್ ಬಗ್ಗೆ ಸ್ವಲ್ಪ ಹೆಚ್ಚಿಗೆ ಹೇಳಬೇಕು. ಹಳೆ ಗಾಡಿಯಲ್ಲಿ ಎಂಜಿನ್ನಿಗಿಂತ ಗೇರ್‌ಬಾಕ್ಸ್ ಜೇಬು ಖಾಲಿ ಮಾಡುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಮ್ಯಾನುಯಲ್ ಆದರೆ ಕ್ಲಚ್ ಒಂದೇ ಚಿಂತೆ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಭಾಗ) ಇರುವ ಹಳೆ ಮಾದರಿಯ ಆಟೊಮ್ಯಾಟಿಕ್, ಎಣ್ಣೆ ಬದಲಿಸಿದ್ದರೆ ಬಹಳ ವರ್ಷ ಬಾಳುತ್ತದೆ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಎರಡು ರಾಟೆಗಳ ನಡುವೆ ಓಡುತ್ತದೆ. ಎಣ್ಣೆ ಹಳೆಯದಾದರೆ ಬೆಲ್ಟು ಜಾರಿ ರಾಟೆಗೆ ಗೀರು ಬೀಳುತ್ತದೆ, ಆಮೇಲೆ ರಿಪೇರಿ ಅನ್ನುವುದಕ್ಕಿಂತ ಪೂರ್ತಿ ಬದಲಿಸುವುದೇ ಆಗುತ್ತದೆ. ಎರಡು ಕ್ಲಚ್ಚಿನ ಡಿಸಿಟಿ, ಅದರಲ್ಲೂ ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ ಇರುವುದು, ಊರೊಳಗಿನ ತೆವಳುವ ಟ್ರಾಫಿಕ್‌ನಲ್ಲಿ ಬೇಗ ಬಿಸಿಯಾಗಿ ಸವೆಯುತ್ತದೆ. ನಿಮ್ಮ ಓಡಾಟಕ್ಕೆ ಅದು ಬೇಡ.

‘ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೂ ಬದಲಿಸಬೇಕಿಲ್ಲ’ ಅನ್ನುವ ಮಾತು ಮಾರುವವರಿಂದ ಕೇಳಿಬರುತ್ತದೆ. ಹಲವು ಐಷಾರಾಮಿ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳ ಆಯಿಲ್ ಅನ್ನು 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಎನ್ನುತ್ತದೆ. ಮಾಡಿದವರ ಮಾತೇ ಹಾಗಿರುವಾಗ ಮಾರುವವರ ಮಾತು ಯಾಕೆ?

ಇನ್ನು ಕಾಗದ ಪತ್ರ. ನೀವು ಗಾಡಿ ನೋಡಲು ಹೋಗುವ ಮೊದಲೇ ಸರ್ವಿಸ್ ದಾಖಲೆಯ ಫೋಟೊ ಕಳಿಸಲು ಹೇಳಿ. ಕಳಿಸದವರ ಹತ್ತಿರ ಹೋಗಬೇಡಿ. ದಾಖಲೆಯಲ್ಲಿ ಎರಡು ವಿಷಯ ನೋಡಿ. ಪ್ರತಿ ಸಲದ ತಾರೀಕು, ಕಿಲೋಮೀಟರ್ ಎರಡೂ ಏರುತ್ತಾ ಹೋಗಬೇಕು. ನಡುವೆ ಎರಡು ವರ್ಷ ಖಾಲಿ ಇದ್ದರೆ ಆ ಎರಡು ವರ್ಷ ಆಯಿಲ್ ಬದಲಿಸಿಲ್ಲ ಅಂತಲೇ ತಿಳಿಯಿರಿ. ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸುವುದು ಕಷ್ಟದ ಕೆಲಸವಲ್ಲ. ಹಾಗಾಗಿ ಮೀಟರ್ ಮೇಲಿನ ಸಂಖ್ಯೆಗೂ ಗಾಡಿಯ ಸವೆತಕ್ಕೂ ತಾಳೆ ನೋಡಿ. ಬ್ರೇಕ್ ಪೆಡಲ್ ರಬ್ಬರು ನುಣ್ಣಗಾಗಿದೆಯಾ? ಸ್ಟೇರಿಂಗ್ ಹೊಳೆಯುತ್ತಿದೆಯಾ? ಡ್ರೈವರ್ ಸೀಟಿನ ಹೊರ ಅಂಚು ಕುಸಿದಿದೆಯಾ? ಮೀಟರ್ 40,000 ಹೇಳಿ ಇವೆಲ್ಲ ಲಕ್ಷ ದಾಟಿದ ಕಥೆ ಹೇಳಿದರೆ ಸವೆತವನ್ನೇ ನಂಬಿ.

ಚಾಸಿ ನಂಬರ್ 17 ಅಕ್ಷರದ್ದು. ಕಾಗದದಲ್ಲಿ, ಬಾಡಿಯ ಮೇಲೆ, ಗಾಜಿನ ಕೆಳಗೆ ಇರುವುದು ಒಂದೇ ಆಗಿರಬೇಕು. ಆ ನಂಬರ್ ಹಾಕಿ ಕಂಪನಿಯ ತಾಣದಲ್ಲಿ ರೀಕಾಲ್ ಬಾಕಿ ಇದೆಯಾ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗ್ ವಿಷಯ ಕೇಳಿರುತ್ತೀರಿ. ಅದರೊಳಗಿನ ಅಮೋನಿಯಂ ನೈಟ್ರೇಟ್ ಬಿಸಿ, ತೇವಕ್ಕೆ ಸಿಕ್ಕಿ ಕೆಟ್ಟು, ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರು ಸಿಡಿದು ಜನ ಸತ್ತರು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆಸಿ ಅದನ್ನು ಬದಲಿಸಬೇಕಾಯಿತು. ಬದಲಿಸದೆ ಉಳಿದ ಹಳೆ ಗಾಡಿಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಇಂಥ ರೀಕಾಲ್ ಕೆಲಸಕ್ಕೆ ಕಂಪನಿ ದುಡ್ಡು ಕೇಳುವುದಿಲ್ಲ. ಮಕ್ಕಳು ಕೂರುವ ಗಾಡಿಯಲ್ಲಿ ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಸುರಕ್ಷತೆಯ ಇನ್ನೊಂದು ಸಂಗತಿ ಇಲ್ಲೇ ಹೇಳುತ್ತೇನೆ. ಎಸ್‌ಯುವಿ ಎತ್ತರ ಇರುವುದರಿಂದ ಗಕ್ಕನೆ ತಿರುಗಿಸಿದಾಗ ಪಲ್ಟಿಯಾಗುವ ಭಯ ಸಣ್ಣ ಕಾರಿಗಿಂತ ಜಾಸ್ತಿ. ಇದನ್ನು ತಡೆಯುವುದು ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್. ಗಾಡಿ ಜಾರಲು ಶುರುವಾದರೆ ಅದು ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಅಮೆರಿಕದಲ್ಲಿ 2012ರ ಸಾಲಿನಿಂದ, ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯವಾಯಿತು. ಬೇರೆ ಕಡೆ ಮಾರಿದ ಕೆಳ ದರ್ಜೆಯ ಮಾದರಿಗಳಲ್ಲಿ ಇಲ್ಲದಿರಬಹುದು. ಇದು ಇಲ್ಲದ ಎಸ್‌ಯುವಿ ಬೇಡವೇ ಬೇಡ. ಕ್ರ್ಯಾಶ್ ಟೆಸ್ಟಿನ ಸ್ಟಾರ್ ನೋಡುವಾಗ ಯಾವ ವರ್ಷದ ಪರೀಕ್ಷೆ ಅಂತಲೂ ನೋಡಿ. ಪರೀಕ್ಷೆ ವರ್ಷದಿಂದ ವರ್ಷಕ್ಕೆ ಬಿಗಿಯಾಗಿದೆ. 2012ರ ಐದು ಸ್ಟಾರೂ 2020ರ ಐದು ಸ್ಟಾರೂ ಒಂದೇ ಅಲ್ಲ.

ಗಾಡಿ ನೋಡಲು ಬೆಳಿಗ್ಗೆ, ಹಗಲು ಬೆಳಕಲ್ಲಿ ಹೋಗಿ. ಎಂಜಿನ್ ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿರಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅವರು ಏನೋ ಮುಚ್ಚಿಡುತ್ತಿರಬಹುದು, ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಸೇರುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆ ಬಣ್ಣದ ಲೋಳೆ ಕಂಡರೂ ಎಚ್ಚರ.

ಒಳಗೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೊನೆಯ ಭಾಗದಲ್ಲಿ ಮಣ್ಣಿನ ಕಲೆ, ಸೀಟಿನ ಕೆಳಗಿನ ಬೋಲ್ಟಿನಲ್ಲಿ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರು, ಮುಗ್ಗಲು ವಾಸನೆ ಇದ್ದರೆ ಅದು ನೆರೆ ನೀರಿನಲ್ಲಿ ಮುಳುಗಿದ ಗಾಡಿ. ಎಷ್ಟೇ ಅಗ್ಗ ಇದ್ದರೂ ವಾಪಸ್ ಬನ್ನಿ. ಅದರ ವೈರಿಂಗ್ ಒಂದೊಂದಾಗಿ ಕೈಕೊಡುತ್ತದೆ, ಕೊನೆ ಅಂತ ಇರುವುದಿಲ್ಲ.

ಬಾನೆಟ್, ಬಾಗಿಲುಗಳ ಸಂದು ಎರಡೂ ಕಡೆ ಸಮ ಇರಬೇಕು. ಬಾಗಿಲಿನ ಕೀಲಿನ ಬೋಲ್ಟುಗಳ ಮೇಲಿನ ಪೇಂಟ್ ಕಿತ್ತಿದ್ದರೆ ಬಿಚ್ಚಿ ಹಾಕಿದ್ದಾರೆ ಅಂತ ಅರ್ಥ. ಬಂಪರ್ ಟಚಪ್ ಆಗಿದ್ದರೆ ಪರವಾಗಿಲ್ಲ, ಮಕ್ಕಳಿರುವ ಮನೆಯ ಗಾಡಿಗೆ ಅದು ಆಗೇ ಆಗುತ್ತದೆ. ಚಾಸಿ, ಕಂಬ, ಛಾವಣಿಗೆ ಟಿಂಕರಿಂಗ್ ಆಗಿದ್ದರೆ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ತುಂಬಾ ಹಳೆಯ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಟೆಸ್ಟ್ ಡ್ರೈವ್ ಅಂದರೆ ರಸ್ತೆಯ ತುದಿಗೆ ಹೋಗಿ ಬರುವುದಲ್ಲ. ಅರ್ಧ ಗಂಟೆಯಾದರೂ ಓಡಿಸಿ. ರೇಡಿಯೊ ಆಫ್ ಮಾಡಿ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಟಕ್ ಟಕ್ ಸದ್ದು ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಸವೆದಿದೆ. ಪಾರ್ಕ್‌ನಿಂದ ರಿವರ್ಸಿಗೆ ಹಾಕಿದಾಗ ಗಾಡಿ ತಡಮಾಡಿ ದಡಕ್ ಅಂದರೆ ಗೇರ್‌ಬಾಕ್ಸ್ ಸುಸ್ತಾಗಿದೆ. ಸಿವಿಟಿ ಇದ್ದರೆ 30ರಿಂದ 50ರ ವೇಗದಲ್ಲಿ ಹಗುರವಾಗಿ ಆಕ್ಸಿಲರೇಟರ್ ಒತ್ತಿ, ನಡುಕ ಬರುತ್ತದಾ ಗಮನಿಸಿ. ಎಲ್ಲ ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ. ಕೆಟ್ಟ ಗೇರ್‌ಬಾಕ್ಸ್ ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದ ಮೇಲೆ ಗುಟ್ಟು ಬಿಡುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ನಿಮಗೆ ಗೊತ್ತಿರುವ, ಮಾರುವವರಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಹಾಕಿಸಿ ನೋಡಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಮಾತು ಮುಗಿಯಿತು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ದೋಷ ಸೂಚಿಸುವ ಎರರ್ ಕೋಡ್ ಇಲ್ಲ ಅಂತಷ್ಟೇ ಖುಷಿಪಡಬೇಡಿ. ಹಿಂದಿನ ದಿನ ಅಳಿಸಿರಬಹುದು. ಗಾಡಿಯ ಕಂಪ್ಯೂಟರ್ ತನ್ನ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ಇವಕ್ಕೆ ರೆಡಿನೆಸ್ ಮಾನಿಟರ್ ಅಂತಾರೆ. ಕೋಡ್ ಅಳಿಸಿದರೆ ಇವೂ ಅಳಿಸಿಹೋಗಿ, ಮತ್ತೆ ಪೂರ್ತಿಯಾಗಲು ಹಲವು ಸಲ ಓಡಿಸಬೇಕು. ಬಹಳಷ್ಟು ಮಾನಿಟರ್ ‘ಇನ್ನೂ ಆಗಿಲ್ಲ’ ಅಂತ ತೋರಿಸಿದರೆ ಬ್ಯಾಟರಿ ಕಳಚಿದ್ದಿರಾ ಅಂತ ಕೇಳಿ. ನಂಬುವಂಥ ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ.

ಬೆಲೆ ಮಾತಾಡುವಾಗ ಮೆಕ್ಯಾನಿಕ್ ಕೊಟ್ಟ ಪಟ್ಟಿ ಕೈಯಲ್ಲಿರಲಿ. ಟೈರು, ಬ್ರೇಕ್ ಪ್ಯಾಡ್, ಬ್ಯಾಟರಿ, ಶಾಕ್ ಅಬ್ಸಾರ್ಬರ್, ಯಾವುದು ಬಾಕಿ ಇದೆಯೋ ಅದರ ನಿಜವಾದ ಖರ್ಚನ್ನು ಬೆಲೆಯಿಂದ ಇಳಿಸಲು ಕೇಳಿ. ಗಾಡಿಯನ್ನು ಬೈಯಬೇಕಿಲ್ಲ, ಲೆಕ್ಕ ತೋರಿಸಿದರೆ ಸಾಕು. ನಿಮ್ಮ ಬಜೆಟ್‌ನ ಪೂರ್ತಿ ದುಡ್ಡು ಗಾಡಿಗೇ ಸುರಿಯಬೇಡಿ. ನೂರಕ್ಕೆ ಹದಿನೈದರಷ್ಟು ಮೊದಲ ವರ್ಷದ ರಿಪೇರಿಗೆ ಎತ್ತಿಡಿ.

ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ, ಹಿಂದಿನವರು ಏನೇ ಹೇಳಿರಲಿ, ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲೆಂಟ್, ಬ್ರೇಕ್ ಫ್ಲೂಯಿಡ್ ಬದಲಿಸಿ. ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಇಲ್ಲದಿದ್ದರೆ ಅದನ್ನೂ ಮಾಡಿಸಿ, ಕಂಪನಿ ಹೇಳಿದ ಗುರುತಿನ ಆಯಿಲ್ಲೇ ಆಗಬೇಕು, ಸಿವಿಟಿಗಂತೂ ಬೇರೆಯದು ಹಾಕಲೇಬಾರದು. ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಇದೆಯಾ ಬೆಲ್ಟ್ ಇದೆಯಾ ಕೇಳಿಕೊಳ್ಳಿ. ಬೆಲ್ಟ್ ಆದರೆ ಅದರ ಅವಧಿ ಪುಸ್ತಕದಲ್ಲಿ ಬರೆದಿರುತ್ತದೆ. ಬದಲಿಸಿದ್ದಕ್ಕೆ ಬಿಲ್ ಸಿಗದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು, ವಾಟರ್ ಪಂಪ್ ಅದೇ ಬೆಲ್ಟಿನಿಂದ ಓಡುತ್ತಿದ್ದರೆ ಅದನ್ನೂ ಸೇರಿಸಿ ಒಂದೇ ಸಲ ಹಾಕಿಸಿ. ಓಡುವಾಗ ಆ ಬೆಲ್ಟ್ ಹರಿದರೆ ಹೆಚ್ಚಿನ ಎಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಆಗ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ.